ಹಬ್ಬದ ದಿನ ಎಚ್ಚರವಿದ್ದ ಸರ್ವರ್

ಇದನ್ನು ಬರೆಯಲು ಹೇಳಿದ್ದು ಸುಜಾತಾ. ಸಂಡೂರು ಕಡೆಯ ಅದಿರು ಯಾರ್ಡೊಂದರಲ್ಲಿ ನಾನು ಸರ್ವರ್ ನೋಡಿಕೊಳ್ಳುತ್ತಿದ್ದಾಗ ಆಕೆ ಗೇಟಿನ ಕಂಪ್ಯೂಟರಿನ ಮುಂದೆ ಕೂತು ಲಾರಿ ಬಿಡುತ್ತಿದ್ದಳು. ಈಗ ಒಂದು ಕಾರ್ಖಾನೆಯ ಸರ್ವರ್ ವಿಭಾಗಕ್ಕೆ ಆಕೆಯೇ ಮುಖ್ಯಸ್ಥೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಓದಲು ಕೊಡಬೇಕು, ಕೆಲಸ ನಿಜವಾಗಿ ಹೇಗಿತ್ತು ಬರೆದುಕೊಡಿ ಎಂದು ಫೋನ್ ಮಾಡಿದ್ದಳು.

"ಏನ್ ಬರೀಲವಾ? ನಾ ಮಾಡಿದ್ದು ಬರೇ ತಪ್ಪು."

"ಅದನ್ನೇ ಬರೀರಿ ಸರ್. ಸರಿ ಮಾಡೋದು ಹೆಂಗ ಅಂತ ಪುಸ್ತಕದಾಗ ಐತಿ."

"ನಿನ್ನ ವಿಷಯ?"

"ಅದನ್ನೂ ಬರೀರಿ. ಆದ್ರ ಚಂದ ಮಾಡಬ್ಯಾಡ್ರಿ."

ಆಕೆಯ ವಿಷಯವೆಂದರೆ, ನಾನು ಗಂಭೀರವಾಗಿ ಓದಿಹೇಳಿದ ಒಂದು ಲಾಗಿನ ದೆಸೆಯಿಂದ ಒಂದು ಶನಿವಾರ ಆಕೆಯ ಕೆಲಸ ಹೋಗುವುದರಲ್ಲಿತ್ತು. ಅದಕ್ಕೆ ಬರುತ್ತೇನೆ. ನೇರವಾಗಿ ಬರಲಾರೆ, ಏಕೆಂದರೆ ಆ ಶನಿವಾರ ನಾನು ಅಷ್ಟು ದೊಡ್ಡ ಪೆದ್ದನಾಗಲು ಹಿಂದಿನ ಅಭ್ಯಾಸವೂ ಬೇಕಾಗಿತ್ತು.

ಮೊದಲೇ ಒಂದು ಮಾತು. ನಿವೃತ್ತರ ನೆನಪುಗಳನ್ನು ನಾನು ನಂಬುವುದಿಲ್ಲ. ಅವುಗಳಲ್ಲಿ ಬರೆದವನು ಯಾವಾಗಲೂ ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಿರುತ್ತಾನೆ. ಮೇಲಧಿಕಾರಿ ಪೆಚ್ಚಾಗಿರುತ್ತಾನೆ. ಕೊನೆಗೆ ಎಲ್ಲರೂ ಚಹಾ ಕುಡಿದಿರುತ್ತಾರೆ. ನನ್ನ ನೆನಪೂ ಅದೇ ಜಾತಿಯದು. ಹಾಗಾಗಿ ನನಗೆ ಅನುಮಾನ ಬಂದ ಕಡೆ ಅನುಮಾನ ಬಂತೆಂದು ಬರೆಯುತ್ತೇನೆ. ಬಾರದ ಕಡೆ ನೀವೇ ಅನುಮಾನ ಪಡಿ.

ವೆಬ್ ಸರ್ವರ್ ಅಂದರೇನೆಂದು ಹೊಸಬರಿಗೆ ಗೊತ್ತು. ಅವರ ಮನೆಯವರಿಗಾಗಿ ಹೇಳುತ್ತೇನೆ. ಅದು ಹೋಟೆಲಿನ ಸಪ್ಲೈಯರ್ ಇದ್ದ ಹಾಗೆ. ಯಾರೋ ಎಲ್ಲಿಂದಲೋ ಒಂದು ಪುಟ ಕೇಳುತ್ತಾರೆ, ಇದು ತಂದಿಡುತ್ತದೆ, ಇಲ್ಲದಿದ್ದರೆ ಇಲ್ಲ ಅನ್ನುತ್ತದೆ. ಯಾವ ಪುಟ ಎಲ್ಲಿದೆ, ಯಾರಿಗೆ ಕೊಡಬೇಕು, ಎಷ್ಟು ಹೊತ್ತು ಕಾಯಬೇಕು ಎನ್ನುವುದೆಲ್ಲ ಒಂದು ಸೆಟ್ಟಿಂಗ್ ಕಡತದಲ್ಲಿರುತ್ತದೆ. ಅದನ್ನು ತಿದ್ದುವುದು ನಮ್ಮ ಕೆಲಸ. ಮತ್ತೊಂದು ಕಡತ ಲಾಗ್. ಯಾವ ವಿಳಾಸದಿಂದ, ಯಾವಾಗ, ಯಾವ ಪುಟ ಕೇಳಿದರು, ಸಿಕ್ಕಿತೋ ಇಲ್ಲವೋ ಎಂದು ಸರ್ವರ್ ತಾನಾಗಿಯೇ ಒಂದೊಂದು ಸಾಲು ಬರೆದುಕೊಳ್ಳುತ್ತ ಹೋಗುತ್ತದೆ. ವಿಳಾಸವೆಂದರೆ ಕಂಪ್ಯೂಟರಿನ ವಿಳಾಸ. ಇದನ್ನು ನೆನಪಿಡಿ. ನಾನು ಇಡಲಿಲ್ಲ.

ನಾನು ಕಲಿತದ್ದು ವೈರಿಂಗ್ ಕೆಲಸ. ಹೊಸಪೇಟೆಯಲ್ಲಿ ಇಂಟರ್‌ನೆಟ್ ಅಂಗಡಿಗಳು ಶುರುವಾದಾಗ ಅಂಥದೊಂದಕ್ಕೆ ವೈರು ಎಳೆಯಲು ಹೋದವನು ವಾಪಸ್ಸು ಬರಲಿಲ್ಲ. ಅಂಗಡಿಯವರು ಸುತ್ತಲಿನ ಊರುಗಳ ಲಾಡ್ಜು, ಟ್ಯುಟೋರಿಯಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಅವೆಲ್ಲ ಒಂದೇ ಸರ್ವರಿನಲ್ಲಿದ್ದವು, ಸರ್ವರ್ ನನ್ನ ಕೈಯಲ್ಲಿತ್ತು. ಕೈಗೆ ಬಂದ ದಿನವೇ ಸೆಟ್ಟಿಂಗ್ ಕಡತ ತೆರೆದು ಸಾಲು ಸಾಲಾಗಿ ಬದಲಿಸಿದೆ. ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಏನೂ ಬದಲಿಸದಿದ್ದರೆ ನಾನು ಇದ್ದೂ ಏನು ಪ್ರಯೋಜನ ಎಂದು ನನ್ನ ವಾದ. ಬರುವ ಪ್ರತಿ ವಿಳಾಸದ ಹಿಂದಿನ ಹೆಸರೇನೆಂದು ಹುಡುಕಿ ಬರೆಯುವ ಒಂದು ಆಯ್ಕೆಯಿತ್ತು, ಅದನ್ನು ಹಚ್ಚಿದೆ. ಸರ್ವರ್ ಮದುವೆ ಮನೆಯ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ನೀವು ಯಾರ ಪೈಕಿ ಎಂದು ಕೇಳುವ ಮುದುಕರ ಹಾಗೆ ಆಯಿತು. ಹೊರಗೆ ಸಾಲು ನಿಂತಿತು, ಒಳಗೆ ಎಲೆ ಖಾಲಿ.

ಲಾಗಿನಲ್ಲಿ ಎಷ್ಟು ವಿವರ ಬರೆಯಬೇಕೆನ್ನುವುದಕ್ಕೂ ಮಟ್ಟಗಳಿವೆ. ಬರೀ ಅನಾಹುತ ಬರೆ, ತಪ್ಪುಗಳನ್ನೂ ಬರೆ, ಎಚ್ಚರಿಕೆಗಳನ್ನೂ ಬರೆ, ಹೀಗೆ. ಎಲ್ಲಕ್ಕಿಂತ ಕೆಳಗಿನ ಮಟ್ಟದಲ್ಲಿ ಅದು ಉಸಿರಾಡಿದ್ದನ್ನೂ ಬರೆಯುತ್ತದೆ. ಏನೂ ತಪ್ಪಿಹೋಗಬಾರದೆಂದು ನಾನು ಅದನ್ನೇ ಇಟ್ಟೆ. ಡಿಸ್ಕ್ ತುಂಬಿ ಸರ್ವರ್ ನಿಂತಿತು. ತಾನು ಯಾಕೆ ನಿಂತೆನೆಂದು ಬರೆಯಲು ಅದಕ್ಕೆ ಜಾಗವಿರಲಿಲ್ಲ.

ಹಂಪಿಯಲ್ಲಿ ಗೆಸ್ಟ್ ಹೌಸ್ ಇಟ್ಟಿದ್ದ ತಿಪ್ಪೇಶಣ್ಣನ ವೆಬ್‌ಸೈಟು ನಾನು ಹೆಮ್ಮೆಯಿಂದ ಮಾಡಿಕೊಟ್ಟಿದ್ದು. ಬಾಳೆ ತೋಟದ ಫೋಟೋ, ಬಾಡಿಗೆ ಸೈಕಲ್ಲಿನ ಫೋಟೋ, ಸೈಕಲ್ಲಿನ ಮೇಲೆ ತಿಪ್ಪೇಶಣ್ಣನ ಫೋಟೋ. ವಾರಕ್ಕೊಮ್ಮೆ ಬಂದು ಯಾರು ನೋಡಿದರೆಂದು ಕೇಳುತ್ತಿದ್ದ. ನಾನು ಲಾಗ್ ತೆಗೆದು ಓದುತ್ತಿದ್ದೆ. ಒಂದು ವಿಳಾಸ ಅಮೆರಿಕದ್ದು. ದಿನವೂ ಬರುತ್ತಿತ್ತು. ಮೊದಲ ಪುಟ, ರೂಮಿನ ಪುಟ, ಊಟದ ಪುಟ, ಎಲ್ಲವನ್ನೂ ತಿರುವಿ ಹೋಗುತ್ತಿತ್ತು.

"ಗಂಡಸೋ ಹೆಂಗಸೋ?" ತಿಪ್ಪೇಶಣ್ಣ ಕೇಳಿದ.

"ಅದು ಗೊತ್ತಾಗಂಗಿಲ್ಲಣ್ಣ. ಆದ್ರ ಭಾಳ ಆಸಕ್ತಿ ಐತಿ. ಊಟದ ಪುಟ ಬಿಡಂಗಿಲ್ಲ."

"ಹಂಗಾರ ಬರೋರೇ. ಹೊಳಿ ಕಡಿ ರೂಮ್ ಇಡ್ತೀನಿ."

ಹೊಳೆ ಕಾಣುವ ರೂಮಿಗೆ ಹೊಸ ಸೊಳ್ಳೆ ಪರದೆ ಬಂತು. ಗೋಡೆಗೆ ಬಣ್ಣ ಬಂತು. ಬೇರೆ ಯಾರಾದರೂ ಆ ರೂಮು ಕೇಳಿದರೆ, ಅದು ಬುಕ್ ಆಗೇತ್ರಿ, ಅಮೆರಿಕದೋರು, ಎನ್ನುತ್ತಿದ್ದ. ಆ ಅಮೆರಿಕದವರು ಬಹಳ ದಿನಗಳ ಮೇಲೆ ನನಗೆ ಅರ್ಥವಾದರು. ಲೋಕದ ಎಲ್ಲ ವೆಬ್‌ಸೈಟುಗಳನ್ನೂ ದಿನವೂ ಸುತ್ತಿ ಪಟ್ಟಿ ಮಾಡಿಕೊಳ್ಳುವ, ಹುಡುಕಾಟದ ಕಂಪನಿಯೊಂದರ ಯಂತ್ರ ಅದು. ಊಟದ ಪುಟವನ್ನು ಅದು ಬಿಟ್ಟಿರಲಿಲ್ಲ ನಿಜ, ಯಾವ ಪುಟವನ್ನೂ ಬಿಟ್ಟಿರಲಿಲ್ಲ. ಹೋಗಿ ಹೇಳಿದೆ. ತಿಪ್ಪೇಶಣ್ಣ ಸೊಳ್ಳೆ ಪರದೆಯ ಕಡೆ ನೋಡಿದ.

"ಲೇ ವೀರೇಶ, ಮಷೀನ್ ಬರ್ತತಿ ಅಂತ ಹೇಳಿದ್ರ ನಾ ಸೊಳ್ಳಿ ಪರದಿ ಯಾಕ ತರ್ತಿದ್ನೋ?" ಅಂದ.

ಅವನು ಹೀಗೇ ಅಂದನೋ, ನಾನು ಹೇಳಿ ಹೇಳಿ ಮಾತು ಹೀಗೆ ನುಣುಪಾಯಿತೋ ತಿಳಿಯದು. ಪರದೆ ಇದ್ದದ್ದಂತೂ ನಿಜ. ಮುಂದೆ ನಾನೇ ಅದರೊಳಗೆ ಮಲಗಿದ್ದೇನೆ.

ಕಂಪ್ಲಿಯದು ಇದರ ತಿರುಗುಮುರುಗು. ಹಂಪಿಯಲ್ಲಿ ಯಂತ್ರವನ್ನು ಮನುಷ್ಯ ಅಂದುಕೊಂಡಿದ್ದೆ. ಇಲ್ಲಿ ಒಂದು ಊರನ್ನೇ ಒಬ್ಬ ಮನುಷ್ಯ ಅಂದುಕೊಂಡೆ. ಒಂದು ಟ್ಯುಟೋರಿಯಲ್ಲಿನವರು ತಮ್ಮ ಪರೀಕ್ಷೆಯ ಫಲಿತಾಂಶವನ್ನು ವೆಬ್‌ಸೈಟಿನಲ್ಲಿ ಹಾಕಿದ್ದರು. ಬೆಳಿಗ್ಗೆ ಲಾಗ್ ನೋಡಿದರೆ ಒಂದೇ ವಿಳಾಸದಿಂದ ಸಾಲು ಮೇಲೆ ಸಾಲು. ಉಸಿರು ಬಿಡದೆ ಅದೇ ಪುಟ ಕೇಳುತ್ತಿದೆ. ಯಾವನೋ ಸರ್ವರ್ ಕೆಡವಲು ಹೊರಟಿದ್ದಾನೆ ಎಂದುಕೊಂಡು ಸೆಟ್ಟಿಂಗ್ ಕಡತದಲ್ಲಿ ಆ ವಿಳಾಸಕ್ಕೆ ಬಾಗಿಲು ಮುಚ್ಚಿದೆ. ಲಾಗ್ ಶಾಂತವಾಯಿತು. ಮಂಡಕ್ಕಿ ಮಿರ್ಚಿ ತಿಂದು ಬಂದೆ. ಬಂದರೆ ಫೋನು ಹೊಡೆದುಕೊಳ್ಳುತ್ತಿತ್ತು. ಆಚೆಗಿದ್ದದ್ದು ಟ್ಯುಟೋರಿಯಲ್ಲಿನ ಹೆಡ್ ಮೇಡಂ.

"ಏನ್ರೀ, ಎಲ್ಲಾ ಊರಾಗೂ ರಿಸಲ್ಟ್ ಕಾಣ್ತತಿ, ಕಂಪ್ಲಿಯಾಗ ಇಲ್ಲ. ನಮ್ಮೂರೋರು ನಿಮಗ ಏನ್ ಮಾಡ್ಯಾರ?"

ಕಂಪ್ಲಿಯಲ್ಲಿ ಆಗ ಇದ್ದ ಇಂಟರ್‌ನೆಟ್ ಅಂಗಡಿಗಳೆಲ್ಲ ಒಂದೇ ಸಂಪರ್ಕವನ್ನು ಹಂಚಿಕೊಂಡಿದ್ದವು. ಹೊರಗಿನಿಂದ ನೋಡಿದರೆ ಇಡೀ ಊರಿಗೆ ಒಂದೇ ವಿಳಾಸ. ಆ ಒಬ್ಬ ದಾಳಿಕೋರನೆಂದರೆ ಪರೀಕ್ಷೆ ಬರೆದ ಊರಿನ ಮಕ್ಕಳೆಲ್ಲ ಮತ್ತು ಅವರ ಹಿಂದೆ ನಿಂತ ಅಪ್ಪಂದಿರು. ಬಾಗಿಲು ತೆಗೆದೆ. ಒಂದು ವಿಳಾಸ ಒಬ್ಬ ಮನುಷ್ಯನಲ್ಲ ಎಂದು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ಮುಂದೆ ಸಂಡೂರಿಗೆ ಹೋಗುವಾಗ ಮಾನಿಟರ್ ಅಲ್ಲೇ ಬಿಟ್ಟು ಹೋದೆ. ಚೀಟಿಯೂ ಅದರ ಜೊತೆ ಉಳಿಯಿತು.

ಅದಿರು ಯಾರ್ಡಿನ ಕೆಲಸಕ್ಕೆ ನಾನು ಹೋದಾಗ ಅಲ್ಲಿ ಎಲ್ಲವೂ ಕೆಂಪಗಿತ್ತು. ಕೀಬೋರ್ಡು, ಚಹಾದ ಲೋಟದ ಅಂಚು, ಮ್ಯಾನೇಜರರ ಬಿಳಿ ಅಂಗಿ. ಮ್ಯಾನೇಜರ್ ರುದ್ರಪ್ಪ ಸಾಹೇಬರು ದೇವರ ಮನುಷ್ಯ. ಸೋಮವಾರ ಬಿಲ್ವಪತ್ರೆ, ಶನಿವಾರ ಒಪ್ಪತ್ತು, ಅಮಾವಾಸ್ಯೆಗೆ ಲಾರಿಯ ಗಾಲಿಗೆ ನಿಂಬೆಹಣ್ಣು. ನಾನೋ, ಹಂಪಿಯ ಯಂತ್ರಕ್ಕೆ ಸೊಳ್ಳೆ ಪರದೆ ತರಿಸಿದವನು, ಅವರನ್ನು ಮೂಢನಂಬಿಕೆಯವರೆಂದು ಒಳಗೊಳಗೇ ನಗುತ್ತಿದ್ದೆ.

ಲಾರಿ ಗೇಟು ದಾಟಬೇಕಾದರೆ ಗೇಟಿನ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ಬಿಡುಗಡೆ ಒತ್ತಬೇಕು. ಆ ಪುಟ ಇದ್ದದ್ದು ನನ್ನ ಸರ್ವರಿನಲ್ಲಿ. ಗೇಟಿನಲ್ಲಿ ಪಾಳಿಯ ಮೇಲೆ ಇಬ್ಬರು ಕೂರುತ್ತಿದ್ದರು, ಮಂಜುನಾಥ ಮತ್ತು ಕುರೆಕುಪ್ಪದಿಂದ ಬರುತ್ತಿದ್ದ ಸುಜಾತಾ. ಇಬ್ಬರಿಗೂ ನಾನು ಒಂದೇ ಬಳಕೆದಾರ ಹೆಸರು ಕೊಟ್ಟಿದ್ದೆ, 'ಗೇಟ್'. ಎರಡು ಮಾಡಿದರೆ ಎರಡು ಪಾಸ್‌ವರ್ಡ್ ಮರೆಯುತ್ತಾರೆ ಎಂದು ನನ್ನ ದೂರದೃಷ್ಟಿ.

ಅದಿರು ಕಳ್ಳಸಾಗಣೆಯ ದೆಸೆಯಿಂದ ಆ ಕಾಲದಲ್ಲಿ ನಮ್ಮ ಕಡೆ ಅದಿರು ಲಾರಿ ಅಂದರೆ ಎಲ್ಲರ ಕಣ್ಣು. ಗೇಟು ಮುಚ್ಚಿದ ದಿನ ಒಂದು ಲಾರಿ ಹೊರಬಿದ್ದರೂ ಉತ್ತರ ಹೇಳಬೇಕು. ಅದಕ್ಕೆ ನಾನೊಂದು ಜಾಣ ಏರ್ಪಾಡು ಮಾಡಿದ್ದೆ. ರಜೆಯ ತಾರೀಖಿನಲ್ಲಿ ಬಿಡುಗಡೆಯ ಪುಟ ಯಾರಾದರೂ ಒತ್ತಿದರೆ ಸರ್ವರ್ ಆ ಸಾಲುಗಳನ್ನು ಲಾಗಿನಿಂದ ಆರಿಸಿ ಮೇಲಿನ ಆಫೀಸಿಗೆ ತಾನೇ ಮೇಲ್ ಕಳಿಸುತ್ತಿತ್ತು. ಯಾರೂ ಕೇಳಿರಲಿಲ್ಲ. ಮೇಲಿನ ಆಫೀಸಿನವರು ಮೆಚ್ಚಿದರು. ನಾನು ಎರಡು ದಿನ ಎದೆಯುಬ್ಬಿಸಿ ಓಡಾಡಿದೆ. ಸರ್ವರಿನ ಗಡಿಯಾರ ಹೊರಗಿನ ಸರಿಯಾದ ಸಮಯದೊಂದಿಗೆ ತಾಳೆ ನೋಡಿಕೊಳ್ಳುವ ದಾರಿಯೊಂದಿರುತ್ತದೆ. ಭದ್ರತೆಯ ಹೆಸರಿನಲ್ಲಿ ಆ ದಾರಿಯನ್ನು ಮುಚ್ಚಿದ್ದವನೂ ನಾನೇ.

ಮಹಾನವಮಿ ಬಂತು. ನಮ್ಮಲ್ಲಿ ಆಯುಧ ಪೂಜೆಯ ದಿನ ಯಾವ ಯಂತ್ರವೂ ತಿರುಗಬಾರದು. ತೊಳೆದು, ಕುಂಕುಮ ಹಚ್ಚಿ, ಹೂ ಏರಿಸಿ ಸುಮ್ಮನೆ ಬಿಡಬೇಕು. ದಶಮಿಯ ಬೆಳಿಗ್ಗೆ ಕೈಮುಗಿದು ಮತ್ತೆ ಕೆಲಸಕ್ಕೆ ಹಚ್ಚಬೇಕು. ಲಾರಿ, ಜೆಸಿಬಿ, ತೂಕದ ಕಟ್ಟೆಯ ಜೊತೆ ಈ ಸಲ ಸರ್ವರೂ ಸೇರಬೇಕೆಂದು ರುದ್ರಪ್ಪ ಸಾಹೇಬರು ತೀರ್ಮಾನಿಸಿದರು.

"ಸರ್, ಸರ್ವರ್ ಬಂದ್ ಮಾಡಂಗಿಲ್ರಿ. ಅದು ಯಾವಾಗ್ಲೂ ಚಾಲೂ ಇರ್ಬೇಕು."

"ಯಾಕಪಾ, ಅದಕ್ಕ ಹಬ್ಬ ಬ್ಯಾಡೇನು? ವರ್ಷಾನುಗಟ್ಲೆ ದುಡದೈತಿ ಪಾಪ. ಪ್ಲಗ್ ಕೀಳು. ಕುಂಬಳಕಾಯಿ ನೀರು ಸಿಡಿದು ಶಾಕ್ ಹೊಡದೀತು."

ಹಿಂದಿನ ಸಂಜೆಯೇ ಬಂದ್ ಮಾಡಿ ಪ್ಲಗ್ ಕಿತ್ತೆ. ನವಮಿಯ ದಿನ ಸರ್ವರಿಗೆ ವಿಭೂತಿ ಬಂತು, ಚೆಂಡು ಹೂವಿನ ಸರ ಬಂತು. ಬಾಳೆ ಕಂಬ ಹೊತ್ತು ತಂದವನು ಮಂಜುನಾಥ. ಸಾಹೇಬರೇ ಕುಂಬಳಕಾಯಿ ಒಡೆದರು, ಕೋಣೆಗೆ ಬೀಗ ಹಾಕಿ ಕೀಲಿ ತೆಗೆದುಕೊಂಡು ಹೋದರು. ಸುಜಾತಾ ಬಂದಿರಲಿಲ್ಲ.

ದಶಮಿಯ ಬೆಳಿಗ್ಗೆ ಸಾಹೇಬರು ಬೀಗ ತೆಗೆದರು. ಪ್ಲಗ್ ಹಾಕಿ ಗುಂಡಿ ಒತ್ತಿದೆ. ಸರ್ವರ್ ಎದ್ದಿತು, ಆದರೆ ತಾನು ಹುಟ್ಟಿದ ವರ್ಷದಲ್ಲಿ ಎದ್ದಿತು. ಕರೆಂಟಿಲ್ಲದಾಗ ಗಡಿಯಾರ ನಡೆಸಲು ಒಳಗೊಂದು ಗುಂಡಗಿನ ಸೆಲ್ ಇರುತ್ತದೆ. ಅದು ಯಾವಾಗಲೋ ಸತ್ತಿತ್ತು. ಯಾವತ್ತೂ ಪ್ಲಗ್ ಕಿತ್ತಿರದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ. ಸರಿ, ತಾರೀಖು ಕೈಯಿಂದಲೇ ಹಾಕಬೇಕು. ಮೊಬೈಲ್ ಜೇಬಿನಲ್ಲಿತ್ತು, ಕೈಯೆಲ್ಲ ಕುಂಕುಮ. ತಲೆಯೆತ್ತಿ ಗೋಡೆ ನೋಡಿದೆ. ಅಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಅದರಲ್ಲಿದ್ದ ದಪ್ಪ ಅಂಕಿಯನ್ನು ನೋಡಿ ಹಾಗೆಯೇ ಹೊಡೆದೆ.

ದಿನವೂ ಹಾಳೆ ಹರಿಯುತ್ತಿದ್ದವನು ಪ್ಯೂನ್. ಅವನು ಪೂಜೆಗೆ ಬಂದಾಗ ನವಮಿಯ ಹಾಳೆ ಕಾಣುವಂತೆ ಹರಿದಿದ್ದ. ದಶಮಿಗೆ ಬನ್ನಿ ಕೊಡಲು ಊರಿಗೆ ಹೋಗಿದ್ದ. ನಾನು ನೋಡಿದ ದಪ್ಪ ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ 'ಆಯುಧ ಪೂಜೆ' ಎಂದು ಅಚ್ಚಾಗಿತ್ತಂತೆ. ಸಣ್ಣಕ್ಷರ ಓದುವುದೇ ನನ್ನ ವೃತ್ತಿ.

ಹೀಗೆ ಸುಜಾತಾ ದಶಮಿಯ ದಿನ ನ್ಯಾಯವಾಗಿ ಬಿಟ್ಟ ಲಾರಿಗಳೆಲ್ಲ ನನ್ನ ಲಾಗಿನಲ್ಲಿ ನವಮಿಯ ದಿನ ಹೊರಬಿದ್ದವು. ಅದು ರಜೆಯ ತಾರೀಖು. ಸರ್ವರ್ ನಾನು ಕಲಿಸಿದಂತೆ ಆ ಸಾಲುಗಳನ್ನೆಲ್ಲ ಆರಿಸಿ ಮೇಲಿನ ಆಫೀಸಿಗೆ ಕಳಿಸಿತು.

ಶನಿವಾರ ಪರ್ಸನಲ್ ಆಫೀಸರ್ ಬಂದರು. ಮೇಲಿನ ಆಫೀಸಿನಿಂದ ಅವರು ಬರುವುದೆಂದರೆ ಯಾರದೋ ಕೆಲಸ ಹೋಗುತ್ತದೆ ಎಂದೇ ಅರ್ಥ. ರುದ್ರಪ್ಪ ಸಾಹೇಬರ ಕೊಠಡಿಯಲ್ಲಿ ವಿಚಾರಣೆ. ಲಾಗಿನ ಪ್ರಿಂಟ್ ತೆಗೆದು, ನವಮಿಯ ಸಾಲುಗಳಿಗೆ ಹಳದಿ ಬಣ್ಣ ಬಳಿದು ನಾನು ಒಯ್ದಿದ್ದೆ. ಪರ್ಸನಲ್ ಆಫೀಸರ್ ಓದಲು ಹೇಳಿದರು. ಗಂಟಲು ಸರಿಮಾಡಿಕೊಂಡು ಓದಿದೆ. ಹಬ್ಬದ ದಿನ ಸುಜಾತಾ ಲಾರಿ ಬಿಟ್ಟಿದ್ದಾಳೆಂದು ಲಾಗ್ ಹೇಳುತ್ತಿತ್ತು. ಆಮೇಲೆ ಪರ್ಸನಲ್ ಆಫೀಸರ್ ಆಕೆಯನ್ನು ಒಳಗೆ ಕರೆದು ಕೇಳಿದರು.

"ಗೇಟ್ ಬಂದ್ ಇತ್ತಲಮ್ಮಾ. ಲಾರಿ ಹೆಂಗ ಹೋದ್ವು?"

"ಹೋಗಿಲ್ರಿ ಸರ್. ನಾ ಅವತ್ತು ಕುರೆಕುಪ್ಪದಾಗ ನಮ್ಮನ್ಯಾಗ ಇದ್ದೆ."

"ಪೂಜಿಗೂ ಬಂದಿಲ್ಲ ನೀನು."

"ನಾವು ಬೌದ್ಧರು ಸರ್. ನಮ್ಮನ್ಯಾಗ ಆ ಪೂಜಿ ಮಾಡಂಗಿಲ್ಲ. ರಜಾ ಇತ್ತು, ಮನ್ಯಾಗ ಇದ್ದೆ."

"ಅದನ್ನೇ ನಾ ಹೇಳ್ತಿರೋದು," ಅಂದರು ಪರ್ಸನಲ್ ಆಫೀಸರ್, ಲೆಕ್ಕ ಸರಿಹೋದವರ ಹಾಗೆ. "ಎಲ್ಲಾರೂ ಪೂಜಿಯಾಗ ಇದ್ರು. ಹಬ್ಬ ಇಲ್ದೋರು ಯಾರು?"

ಆ ಪೂಜೆಯಲ್ಲಿ ನನಗೂ ಏನೂ ನಂಬಿಕೆಯಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ನನ್ನ ಕೈಯಲ್ಲಿ ಹಳದಿ ಬಣ್ಣದ ಕಾಗದವಿತ್ತು.

ಸುಜಾತಾ ಅಳಲಿಲ್ಲ. ಬೇಡಿಕೊಳ್ಳಲೂ ಇಲ್ಲ. "ನಾ ಬಿಟ್ಟಿಲ್ರಿ" ಎನ್ನುವುದನ್ನು ಅದೇ ದನಿಯಲ್ಲಿ ಮತ್ತೆ ಹೇಳಿದಳು. ಆಕೆಯ ಮನೆಯಲ್ಲಿ ಸಂಬಳದ ಕೆಲಸ ಸಿಕ್ಕಿದ್ದು ಆಕೆಗೇ ಮೊದಲು. ಕಳುವಿನ ಲಾರಿ ಬಿಟ್ಟಳೆಂಬ ಹೆಸರು ಹೊತ್ತು ಹೊರಬಿದ್ದರೆ ಆ ಗಣಿ ಸೀಮೆಯಲ್ಲಿ ಇನ್ನೊಂದು ಗೇಟು ಆಕೆಯನ್ನು ಒಳಗೆ ಬಿಡುತ್ತಿರಲಿಲ್ಲ. ಪರ್ಸನಲ್ ಆಫೀಸರ್ ಪೆನ್ನಿನ ಮುಚ್ಚಳ ತೆಗೆದರು.

ರುದ್ರಪ್ಪ ಸಾಹೇಬರ ಮುಖ ಬೇರೆಯೇ ಆಗಿತ್ತು. ಅವರಿಗೆ ಲಾರಿಯ ಚಿಂತೆಯಿರಲಿಲ್ಲ.

"ವೀರೇಶ, ಹಂಗಾದ್ರ ನವಮಿ ದಿನ ಮಷೀನ್ ಚಾಲೂ ಇತ್ತೇನು?"

"ಇತ್ರಿ ಸರ್. ಲಾಗ್ ಐತಲ್ರಿ."

"ನಾ ಕುಂಬಳಕಾಯಿ ಒಡದಿದ್ ಮಷೀನು."

"ಹೌದ್ರಿ."

"ನಿನಗ ಬಂದ್ ಮಾಡು ಅಂದಿದ್ನಿಲ್ಲೋ?"

"ಮಾಡೀನ್ರಿ. ಪ್ಲಗ್ ಸೈತ ಕಿತ್ತೀನಿ."

"ಕಿತ್ತಿದ್ ಮಷೀನು ಹೆಂಗ ಬರೀತಪಾ?"

ನನ್ನ ಸೇವಾವಧಿಯಲ್ಲಿ ಯಾರೂ ನನ್ನನ್ನು ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ ಕೇಳಿ: "ಯಾರೋ ಕೋಣಿಗೆ ಹೋಗಿ ಮತ್ತ ಹಚ್ಚಿರಬೇಕ್ರಿ." ಲಾರಿ ಬಿಟ್ಟ ಆರೋಪದ ಮೇಲೆ ಬೀಗ ಮುರಿದ ಆರೋಪವನ್ನೂ ಆ ಹುಡುಗಿಯ ತಲೆಗೆ ಕಟ್ಟಿದೆ. ಲಾಗ್ ತಪ್ಪಿರಬಹುದೆಂದು ನನಗೆ ಕನಸಿನಲ್ಲೂ ಬರಲಿಲ್ಲ. ರುದ್ರಪ್ಪ ಸಾಹೇಬರದು ಮೂಢನಂಬಿಕೆ ಅನ್ನುತ್ತಿದ್ದವನು ನಾನು.

ಸಾಹೇಬರು ಎದ್ದರು. ಹಬ್ಬದ ದಿನ ತಾವು ಪೂಜಿಸಿದ ಯಂತ್ರವನ್ನು ಮುಟ್ಟಿದವರಾರೆಂದು ಅವರಿಗೆ ಆಗಲೇ ಗೊತ್ತಾಗಬೇಕಿತ್ತು. ನಮ್ಮೆಲ್ಲರನ್ನೂ ಎಬ್ಬಿಸಿಕೊಂಡು ಸರ್ವರ್ ಕೋಣೆಗೆ ನಡೆದರು. ದಾರಿಯಲ್ಲಿ ವಾಚ್‌ಮನ್ ಹುಸೇನಪ್ಪನನ್ನು ಹಿಡಿದರು.

"ನವಮಿ ದಿನ ಈ ಕೋಣಿ ಯಾರ ತೆಗದ್ರು?"

"ಯಾರ ತೆಗೀತಾರ್ರಿ ಸಾಹೇಬ್ರ? ಕೀಲಿ ನಿಮ್ಮ ಉಡದಾರಕ್ಕ ಇತ್ತಲ್ರಿ."

ಸಾಹೇಬರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲೇ ಇತ್ತು. ಅವರು ಸ್ನಾನ ಮಾಡುವಾಗಲೂ ಬಿಚ್ಚದ ದಾರ ಅದು.

ಕೋಣೆಯಲ್ಲಿ ಸರ್ವರಿನ ಮೇಲೆ ಚೆಂಡು ಹೂವಿನ ಸರ ಒಣಗಿತ್ತು. ನಾನು ಕೀಬೋರ್ಡ್ ಎಳೆದುಕೊಂಡೆ. ನೇರ ಯಂತ್ರದಿಂದಲೇ ತೋರಿಸುತ್ತೇನೆ ನೋಡಿ ಎನ್ನುವ ಗತ್ತಿನಲ್ಲಿ ಲಾಗ್ ತೆರೆಯುವ ಮೊದಲು ಇವತ್ತಿನ ತಾರೀಖು ಕೇಳಿದೆ. ಪರದೆಯ ಮೇಲೆ ಬಂತು. ಎಲ್ಲರಿಗೂ ಕೇಳುವಂತೆ ನಾನೇ ಓದಿದೆ.

"ಶುಕ್ರವಾರ."

"ಏನಂದಿ?" ಅಂದರು ರುದ್ರಪ್ಪ ಸಾಹೇಬರು.

"ಶುಕ್ರವಾರ ಸರ್."

"ಲೇ, ನಾ ಬೆಳಿಗ್ಗಿಂದ ಹಸಕೊಂಡು ಕುಂತೀನಿ. ಇವತ್ತು ಶನಿವಾರ."

ನಾನು ಗೋಡೆಯ ಕಡೆ ನೋಡಿದೆ. ಊರಿಂದ ಬಂದ ಪ್ಯೂನ್ ಹಾಳೆಗಳನ್ನೆಲ್ಲ ನೆಟ್ಟಗೆ ಹರಿದಿದ್ದ. ಕ್ಯಾಲೆಂಡರೂ ಶನಿವಾರವೇ ಅನ್ನುತ್ತಿತ್ತು. ಇಡೀ ಸಂಡೂರು ತಾಲ್ಲೂಕಿನಲ್ಲಿ ಶುಕ್ರವಾರ ಉಳಿದುಕೊಂಡಿದ್ದುದು ನನ್ನ ಸರ್ವರಿನಲ್ಲಿ ಮಾತ್ರ.

ಮೊದಲು ನಕ್ಕವನು ಹುಸೇನಪ್ಪ. ಆಮೇಲೆ ಸಾಹೇಬರು. ತಮ್ಮ ಪೂಜೆ ಕೆಟ್ಟಿರಲಿಲ್ಲವೆಂಬ ಸಮಾಧಾನದ ನಗು ಅದು. ಪರ್ಸನಲ್ ಆಫೀಸರ್ ಪೆನ್ನಿಗೆ ಮುಚ್ಚಳ ಹಾಕಿದರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಸುಜಾತಾ ನಗಲಿಲ್ಲ.

"ಸರ್, ನಾ ಗೇಟಿಗೆ ಹೋಗ್ಲೇನ್ರಿ? ಲಾರಿ ನಿಂತಾವ," ಅಂದಳು.

ಅವತ್ತಿನಿಂದ ಯಾರ್ಡಿನಲ್ಲಿ ನನ್ನ ಹೆಸರು 'ನಿನ್ನಿ ವೀರೇಶ' ಎಂದಾಯಿತು. ಡ್ರೈವರುಗಳು ಸಹ ಹಾಗೇ ಕರೆಯುತ್ತಿದ್ದರು. ವಡ್ಡು ಊರಿನ ಚಹಾದಂಗಡಿಯವನು, ನಿಮಗ ನಿನ್ನಿ ಚಹಾ ಕೊಡ್ಲೇನ್ರಿ ಎಂದು ಕೇಳಿದ್ದುಂಟು. ನಾನು ಸೆಲ್ ಬದಲಿಸಿದೆ, ಗಡಿಯಾರಕ್ಕೆ ಹೊರಗಿನ ದಾರಿ ತೆರೆದೆ. ಸುಜಾತಾ ಗೇಟಿನ ಕೆಲಸದಲ್ಲೇ ಇದ್ದುಕೊಂಡು ಸಂಜೆ ಹೊತ್ತು ಹೊಸಪೇಟೆಗೆ ಬಂದು ಕಂಪ್ಯೂಟರ್ ಕಲಿತಳು. ಕೆಲವು ವಿಷಯ ನನ್ನನ್ನೂ ಕೇಳುತ್ತಿದ್ದಳು. ಮತ್ತೆ ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಳ್ಳುತ್ತಿದ್ದಳು. ಯಾರ್ಡ್ ಬಿಟ್ಟ ಮೇಲೂ ಪ್ರತಿವರ್ಷ ದಶಮಿಯ ಬೆಳಿಗ್ಗೆ ಆಕೆಯಿಂದ ನನಗೊಂದು ಮೆಸೇಜ್ ಬರುತ್ತದೆ: "ಸರ್, ಇವತ್ತು ಏನ್ ವಾರ?" ನಾನು ಫೋನಿನಲ್ಲಿ ನೋಡಿ, ಮತ್ತೊಮ್ಮೆ ನೋಡಿ, ಉತ್ತರ ಕಳಿಸುತ್ತೇನೆ.

ಈಗಿನ ಕೆಲಸ ಬೇರೆ. ಸರ್ವರನ್ನು ಕಣ್ಣಿನಿಂದ ನೋಡಿದವರೇ ಇಲ್ಲ. ಅದು ಯಾವ ಊರಲ್ಲಿದೆಯೆಂದು ಕೇಳಿದರೆ ಹುಡುಗರು ಆಕಾಶ ತೋರಿಸುತ್ತಾರೆ. ಅದಕ್ಕೆ ಕುಂಕುಮ ಹಚ್ಚುವುದು ಎಲ್ಲಿ? ಸೆಟ್ಟಿಂಗುಗಳನ್ನು ಒಬ್ಬ ಬರೆದರೆ ಇನ್ನೊಬ್ಬ ಓದಿ ಒಪ್ಪಬೇಕು. ಲಾಗನ್ನು ಯಾರೂ ಸಾಲು ಸಾಲಾಗಿ ಓದುವುದಿಲ್ಲ, ಬಣ್ಣದ ಚಿತ್ರವಾಗಿ ಬರುತ್ತದೆ, ಕೆಂಪಾದಾಗ ಎದ್ದರೆ ಸಾಕು. ನನ್ನಂಥವನಿಗೆ ಅಲ್ಲಿ ತಪ್ಪು ಮಾಡಲು ಅವಕಾಶ ಕಡಿಮೆ. ಇಲ್ಲವೇ ಇಲ್ಲ ಎಂದು ಹೇಳಲಾರೆ, ನಾನು ಶ್ರಮಜೀವಿ.

ಇಲ್ಲಿಯವರೆಗೆ ಬರೆದು ಸುಜಾತಾಗೆ ಕಳಿಸಿದೆ. ಇಲ್ಲಿಗೆ ಮುಗಿಯಿತೆಂದು ನನ್ನ ಎಣಿಕೆ. ಮಾರನೆಯ ದಿನ ಫೋನ್ ಬಂತು.

"ಓದಿದೆ ಸರ್. ಸೊಳ್ಳಿ ಪರದಿ ಓದಿ ಭಾಳ ನಕ್ಕೆ."

"ಚಂದ ಮಾಡಿಲ್ಲ ಹೌದಿಲ್ಲೋ?"

"ಒಂದ್ ಕೇಳ್ಲೇನ್ರಿ?"

"ಕೇಳವಾ."

"ದಶಮಿ ದಿನ ಸುಜಾತಾ ಲಾರಿ ಬಿಟ್ಲು ಅಂತ ಬರದೀರಿ. ಅವತ್ತು ಪಾಳಿ ನಂದಲ್ರಿ, ಮಂಜುನಾಥಂದು. ಆ ಹಳದಿ ಸಾಲಿನ್ಯಾಗ ನಾ ಬಿಟ್ಟಿದ್ ಒಂದೂ ಲಾರಿ ಇಲ್ಲ."

ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿಸಲವೂ ಸುಜಾತಾಳ ಲಾರಿಗಳನ್ನು ನಾನು ಹಿಂದಿನ ದಿನಕ್ಕೆ ಹಾಕಿ ಎಲ್ಲರನ್ನೂ ನಗಿಸಿದ್ದೇನೆ.

"ಅವತ್ತು ಹೇಳ್ಬೇಕಿಲ್ಲೇನವಾ?"

"ದಶಮಿ ಬಗ್ಗೆ ಯಾರ್ ಕೇಳಿದ್ರಿ? ನವಮಿ ಬಗ್ಗೆ ಕೇಳಿದ್ರು, ನಾ ಬಿಟ್ಟಿಲ್ಲ ಅಂದೆ. ಆಮ್ಯಾಲೆ ಎಲ್ಲಾರೂ ನಕ್ಕೊಂತ ಹೋದ್ರಿ."

"ಆದ್ರ ಲಾಗಿನ್ಯಾಗ ನಿನ್ನ ಹೆಸರು..."

"ಲಾಗಿನ್ಯಾಗ ಹೆಸರು ಎಲ್ಲೈತಿ ಸರ್? 'ಗೇಟ್' ಅಂತ ಇತ್ತು. ನೀವೇ ಕೊಟ್ಟಿದ್ದು, ಇಬ್ರಿಗೂ ಒಂದೇ."

ಆಕೆ ಸಿಟ್ಟಿನಲ್ಲಿ ಹೇಳಲಿಲ್ಲ. ತನ್ನ ಕೈಕೆಳಗಿನ ಹುಡುಗರಿಗೆ ಒಂದು ಸೆಟ್ಟಿಂಗ್ ತೋರಿಸಿಕೊಡುವ ದನಿಯಲ್ಲೇ ಹೇಳಿದಳು. "ನಾ ಹೊರಗ ಬಾಗಲದಾಗ ನಿಂತಿದ್ದೆ. ನೀವು ಓದಿ ಮುಗಿಸಿದ್ರಿ. ಪರ್ಸನಲ್ ಆಫೀಸರ್ ಕೇಳಿದ್ರು, ಗೇಟ್ ಅಂದ್ರ ಯಾರ್ರಿ ಅಂತ. ನೀವು ಸುಜಾತಾ ಅಂದ್ರಿ."

ಹಾಗೆ ಅಂದೆನೇ? ನನಗೆ ಆ ಕೊಠಡಿ ಚೆನ್ನಾಗಿ ನೆನಪಿದೆ. ಹಳದಿ ಬಣ್ಣ ನೆನಪಿದೆ. ಪೆನ್ನಿನ ಮುಚ್ಚಳ ನೆನಪಿದೆ. ಆ ಪ್ರಶ್ನೆ ಮತ್ತು ಆ ಉತ್ತರ ನನ್ನಲ್ಲಿಲ್ಲ. ಬೇರೆ ಯಾರೂ ಅದನ್ನು ಬರೆದುಕೊಂಡಿಲ್ಲ.

ಮೇಲೆ ನೋಡಿ. ಹಬ್ಬದ ದಿನ ಸುಜಾತಾ ಲಾರಿ ಬಿಟ್ಟಿದ್ದಾಳೆಂದು ಲಾಗ್ ಹೇಳುತ್ತಿತ್ತು ಎಂದು ಬರೆದಿದ್ದೇನೆ. ಮೊನ್ನೆ ಮೊನ್ನೆ, ಎಲ್ಲ ತಿಳಿದವನ ಹಾಗೆ, ಇದೇ ಕೈಯಿಂದ ಬರೆದದ್ದು. ಅದನ್ನು ತಿದ್ದಿ ಕಳಿಸಲೇ ಎಂದು ಕೇಳಿದೆ.

"ಬ್ಯಾಡ್ರಿ. ಹಂಗ ಇರ್ಲಿ, ಈ ಫೋನಿನ ಮಾತು ಕೆಳಗ ಬರೀರಿ," ಅಂದಳು. "ಹುಡುಗ್ರು ಅದನ್ನ ಓದಿ ಮುಂದ ಹೋಗ್ತಾರ. ಯಾರಿಗೂ ಅನುಮಾನ ಬರಂಗಿಲ್ಲ. ಆಮ್ಯಾಲೆ ಇಲ್ಲಿಗ್ ಬರ್ತಾರ."